ಯೆಜ್ಡಿಗೆ ಹೊಸ ಶಾಕ್ ಹಾಕಿಸೋ ಮುಂಚೆ...

ಗೋಕುಲಂನಲ್ಲಿ ಮನೆ ಇಟ್ಟುಕೊಂಡು ಇಷ್ಟು ದಿನ ಯೆಜ್ಡಿ ಬಗ್ಗೆ ಒಂದು ಸಾಲೂ ಬರೆದಿಲ್ಲ ಅಂದ್ರೆ ಯಾರೂ ನಂಬಲ್ಲ. ಪಕ್ಕದ ಯಾದವಗಿರಿಯಲ್ಲೇ ಐಡಿಯಲ್ ಜಾವಾ ಕಾರ್ಖಾನೆ ಇತ್ತು. 1961ರಿಂದ ಅಲ್ಲಿ ಜಾವಾ ಬೈಕುಗಳು ತಯಾರಾದವು, ಆಮೇಲೆ ಹೆಸರು ಯೆಜ್ಡಿ ಆಯ್ತು, 1996ರಲ್ಲಿ ಕಾರ್ಖಾನೆ ಮುಚ್ಚಿತು. ಕಾರ್ಖಾನೆ ಹೋಯ್ತು, ಬೈಕುಗಳು ಮಾತ್ರ ಹೋಗಲಿಲ್ಲ. ಕಾಂಟೂರ್ ರೋಡಿನಲ್ಲಿ ಆ ಎರಡು ಸೈಲೆನ್ಸರಿನ ಸದ್ದು ಕೇಳಿದ್ರೆ ಇವತ್ತಿಗೂ ಜನ ತಿರುಗಿ ನೋಡ್ತಾರೆ. (ನಾನು ಹೇಳ್ತಿರೋದು ಹಳೇ ಟೂ-ಸ್ಟ್ರೋಕ್ ಗಾಡಿ. 2022ರಲ್ಲಿ ಅದೇ ಹೆಸರಲ್ಲಿ ಮತ್ತೆ ಬಂದ ಯೆಜ್ಡಿ ಬೇರೆಯೇ ಗಾಡಿ.)

ಈಗ ವಿಷಯಕ್ಕೆ ಬರ್ತೀನಿ. ಹಳೇ ಯೆಜ್ಡಿ ಕೈಗೆ ಸಿಕ್ಕ ಹುಡುಗರು ಮೊದಲು ಮಾಡೋ ಕೆಲಸ ಏನು ಗೊತ್ತಾ? ಹಿಂದಿನ ಶಾಕ್ ಅಬ್ಸಾರ್ಬರ್ ಎರಡನ್ನೂ ಕಿತ್ತು, ಕೆಂಪು ಸ್ಪ್ರಿಂಗಿನ, ಪಕ್ಕದಲ್ಲಿ ಪುಟ್ಟ ಗ್ಯಾಸ್ ಡಬ್ಬಿ ಇರೋ ಹೊಸದನ್ನು ಹಾಕಿಸೋದು. ನಮ್ಮಕ್ಕನ ಮಗನಿಗೆ ಅವನ ತಾತನ ರೋಡ್‌ಕಿಂಗ್ ಬಂದಿದೆ. "ಮಾಮ, ಯಾವ ಶಾಕ್ ಹಾಕಿಸ್ಲಿ?" ಅಂತ ಕೇಳಿದ. "ಯಾವುದೂ ಬೇಡ, ಮೊದಲು ಇರೋದನ್ನ ಸರಿಮಾಡ್ಸು" ಅಂದೆ. ಮುಖ ಸಣ್ಣ ಮಾಡ್ಕೊಂಡ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೀತಿದೀನಿ.

ಸಸ್ಪೆನ್ಷನ್ ಅಂದ್ರೆ ಎರಡು ಕೆಲಸ. ಸ್ಪ್ರಿಂಗು ಭಾರ ಹೊರುತ್ತೆ, ಗುಂಡಿ ಬಂದಾಗ ಕುಗ್ಗುತ್ತೆ. ಆದರೆ ಸ್ಪ್ರಿಂಗ್ ಒಂದೇ ಇದ್ರೆ ಕುಗ್ಗಿದ್ದು ಹಿಗ್ಗಿ, ಹಿಗ್ಗಿದ್ದು ಕುಗ್ಗಿ ಗಾಡಿ ಕುಣೀತಾನೇ ಇರುತ್ತೆ. ಆ ಕುಣಿತ ನಿಲ್ಲಿಸೋದು ಒಳಗಿರೋ ಎಣ್ಣೆ. ಸಣ್ಣ ತೂತುಗಳಲ್ಲಿ ಎಣ್ಣೆ ನುಗ್ಗಿ ಹೋಗುವಾಗ ಆ ಶಕ್ತಿ ಬಿಸಿಯಾಗಿ ಹೊರಟುಹೋಗುತ್ತೆ. ಮೂವತ್ತು ವರ್ಷ ದಾಟಿದ ಗಾಡಿಯಲ್ಲಿ ಕೆಟ್ಟಿರೋದು ಹೆಚ್ಚಾಗಿ ಈ ಎಣ್ಣೆಯ ಕೆಲಸ. ಸೀಲು ಹರಿದು ಎಣ್ಣೆ ಸೋರಿರುತ್ತೆ, ಸ್ಪ್ರಿಂಗ್ ಮಾತ್ರ ಒದ್ದಾಡ್ತಿರುತ್ತೆ. ಅದನ್ನು ನೋಡಿ "ಹಳೇ ಗಾಡಿ ಸಸ್ಪೆನ್ಷನ್ನೇ ಸರಿ ಇಲ್ಲ" ಅಂತ ತೀರ್ಪು ಕೊಡೋದು ಅನ್ಯಾಯ ಅಲ್ವಾ?

ಹಾಗಾಗಿ ದುಡ್ಡು ಖರ್ಚು ಮಾಡೋದಕ್ಕೆ ನನ್ನ ಪ್ರಕಾರ ಒಂದು ಕ್ರಮ ಇದೆ. ಮೊದಲು ಟೈರು, ಅದರ ಗಾಳಿ. ಆಮೇಲೆ ಸ್ವಿಂಗ್ ಆರ್ಮ್ ಬುಷ್. ಅದು ಸವೆದಿದ್ರೆ ಹಿಂದಿನ ಚಕ್ರ ಪಕ್ಕಕ್ಕೆ ಆಡುತ್ತೆ, ಎಷ್ಟು ದುಬಾರಿ ಶಾಕ್ ಹಾಕಿದ್ರೂ ತಿರುವಿನಲ್ಲಿ ಗಾಡಿ ಹಾವಿನ ಥರ ಹೋಗುತ್ತೆ. ಆಮೇಲೆ ಹ್ಯಾಂಡಲ್ ಬೇರಿಂಗು. ಆಮೇಲೆ ಮುಂದಿನ ಫೋರ್ಕಿನ ಆಯಿಲ್ ಸೀಲು, ಹೊಸ ಎಣ್ಣೆ, ಎರಡು ಕಾಲಿಗೂ ಒಂದೇ ಅಳತೆ. ಕೊನೆಗೆ ಹಿಂದಿನ ಶಾಕು. ನಮ್ಮ ಹುಡುಗರು ಮಾಡೋದು ಇದರ ಉಲ್ಟಾ. ಕಣ್ಣಿಗೆ ಕಾಣೋದು ಮೊದಲು, ಕಾಣದೇ ಇರೋದು ಯಾವಾಗ್ಲೋ!

ಇರೋ ಶಾಕ್ ನಿಜವಾಗ್ಲೂ ಮುಗಿದುಹೋಗಿದ್ರೆ ಹೊಸದು ಹಾಕಿಸಲೇಬೇಕು, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅಂಗಡಿಗೆ ಹೋಗುವಾಗ ಬಣ್ಣ ಮರೆತು ಟೇಪು ಒಯ್ಯಿರಿ. ಮೇಲಿನ ಬೋಲ್ಟಿನ ನಡುವಿನಿಂದ ಕೆಳಗಿನ ಬೋಲ್ಟಿನ ನಡುವಿಗೆ ಎಷ್ಟು ಉದ್ದ ಅನ್ನೋದೇ ಮೊದಲ ಅಳತೆ. ಉದ್ದ ಹೆಚ್ಚಿದ್ರೆ ಗಾಡಿಯ ಹಿಂಭಾಗ ಎತ್ತರ ಆಗುತ್ತೆ, ನೋಡೋಕೆ ಚೆನ್ನಾಗಿರುತ್ತೆ. ಆದರೆ ಮುಂದಿನ ಫೋರ್ಕು ನೆಟ್ಟಗಾಗಿ ಹ್ಯಾಂಡಲ್ ಚುರುಕಾಗುತ್ತೆ, ವೇಗದಲ್ಲಿ ನಡುಗೋ ಸಾಧ್ಯತೆ ಹೆಚ್ಚು. ಚೈನಿನ ಬಿಗಿಯೂ ಬದಲಾಗುತ್ತೆ, ಸ್ಟ್ಯಾಂಡ್ ಹಾಕಿದ್ರೆ ಗಾಡಿ ನಿಲ್ಲೋ ರೀತಿಯೂ ಬದಲಾಗುತ್ತೆ.

ಎರಡನೇದು ಸ್ಪ್ರಿಂಗಿನ ಬಿಗಿ. ಇದಕ್ಕೊಂದು ಸುಲಭದ ಪರೀಕ್ಷೆ ಇದೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಹಿಂದಿನ ಚಕ್ರ ಗಾಳಿಯಲ್ಲಿರುವಾಗ ಆಕ್ಸಲ್‌ನಿಂದ ಸೀಟಿನ ಕೆಳಗಿನ ಒಂದು ಗುರುತಿಗೆ ಅಳೆಯಿರಿ. ಆಮೇಲೆ ಸ್ಟ್ಯಾಂಡ್ ತೆಗೆದು ನೀವು ಕೂತು, ಇನ್ನೊಬ್ಬರ ಕೈಲಿ ಅದೇ ಅಳತೆ ತೆಗೆಸಿ. ಚಕ್ರ ಒಟ್ಟು ಎಷ್ಟು ಮೇಲೆ ಕೆಳಗೆ ಆಡಬಲ್ಲದೋ ಅದರ ಸುಮಾರು ಮೂರನೇ ಒಂದು ಭಾಗ ಇಳಿದಿದ್ರೆ ಸರಿ. 90 ಮಿ.ಮೀ. ಆಟ ಇದ್ರೆ 25ರಿಂದ 30 ಮಿ.ಮೀ. ಇಳಿಯಬೇಕು. ಸ್ವಲ್ಪವೂ ಇಳಿಯಲಿಲ್ಲ ಅಂದ್ರೆ ಆ ಶಾಕು ನಿಮ್ಮ ತೂಕಕ್ಕೆ ಮಾಡಿದ್ದಲ್ಲ. ಕೆಳಗಿರೋ ಕಚ್ಚುಗಳನ್ನು ತಿರುಗಿಸಿದ್ರೆ ಗಾಡಿಯ ಎತ್ತರ ಬದಲಾಗುತ್ತೆ ಅಷ್ಟೇ, ಸ್ಪ್ರಿಂಗಿನ ಗುಣ ಬದಲಾಗಲ್ಲ. ಇದು ಎಷ್ಟೋ ಮೆಕ್ಯಾನಿಕ್‌ಗಳೂ ಒಪ್ಪದ ಮಾತು :-)

ಇನ್ನು ಗ್ಯಾಸು. ಭಾರ ಹೊರೋದು ಗ್ಯಾಸಲ್ಲ, ಸ್ಪ್ರಿಂಗೇ. ಒತ್ತಡದಲ್ಲಿ ತುಂಬಿದ ನೈಟ್ರೋಜನ್ನು ಎಣ್ಣೆಯಲ್ಲಿ ನೊರೆ ಬರದಂತೆ ತಡೆಯುತ್ತೆ. ಕೆಟ್ಟ ರಸ್ತೆಯಲ್ಲಿ ಗಂಟೆಗಟ್ಟಲೆ ಜೋರಾಗಿ ಓಡಿಸೋರಿಗೆ ಅದು ನಿಜಕ್ಕೂ ಉಪಯೋಗ. ಗೋಕುಲಂನಿಂದ ಒಂಟಿಕೊಪ್ಪಲಿಗೆ ಹೋಗಿ ತರಕಾರಿ ತರೋರಿಗೆ ಎಣ್ಣೆ ನೊರೆ ಬರೋಷ್ಟು ಬಿಸಿಯೇ ಆಗಲ್ಲ.

ನಮಗೆ ಎದುರಾಗೋದು ಹಂಪು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕದಲ್ಲಿ ಹಂಪು ಅಂದ್ರೆ 10 ಸೆಂ.ಮೀ. ಎತ್ತರ, 3.7 ಮೀಟರ್ ಉದ್ದ ಹರಡಿರಬೇಕು, 25 ಕಿ.ಮೀ. ವೇಗದಲ್ಲಿ ದಾಟುವ ಹಾಗಿರಬೇಕು. ಬಡಾವಣೆ ರಸ್ತೆಗಳಲ್ಲಿ ಸಿಗೋದು ಮೊಣಕಾಲುದ್ದದ ದಿಬ್ಬ. ಅಂಥ ಚೂಪು ಏಟಿಗೆ ಬಿಗಿ ಸ್ಪ್ರಿಂಗು ಕುಗ್ಗೋದೇ ಇಲ್ಲ, ಏಟು ನೇರ ಬೆನ್ನಿಗೆ. ಗಟ್ಟಿ ಅಂದ್ರೆ ಬಲ ಅಲ್ಲ ಅಂತ ಗೋಕುಲಂನವರಿಗೆ ಹೇಳಿಕೊಡಬೇಕಾ? ಪಟ್ಟಾಭಿ ಜೋಯಿಸರ ಶಾಲೆಗೆ ಪ್ರಪಂಚದ ಎಲ್ಲ ಮೂಲೆಯಿಂದ ಜನ ಬಂದಿದ್ದು ಬೆನ್ನು ಬಾಗಿಸೋದು ಕಲಿಯೋಕೆ ತಾನೇ!

ಕಾರಿನವರೂ ನಗಬೇಡಿ. ಕಾರು ಸ್ಪೋರ್ಟ್ಸ್ ಕಾರಿನ ಥರ ನೆಲಕ್ಕೆ ಅಂಟಿಕೊಂಡಿರಲಿ ಅಂತ ಸ್ಪ್ರಿಂಗಿನ ಒಂದೆರಡು ಸುರುಳಿ ಕತ್ತರಿಸೋರಿದ್ದಾರೆ. ಸುರುಳಿ ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿಗಿ, ಆದರೆ ಒಳಗಿನ ಎಣ್ಣೆ ಲೆಕ್ಕ ಹಳೆಯದ್ದೇ. ಚಕ್ರಕ್ಕೆ ಆಡೋಕೆ ಜಾಗವೂ ಇರಲ್ಲ. ತಗ್ಗಿಸಲೇಬೇಕು ಅಂದ್ರೆ ಸ್ಪ್ರಿಂಗೂ ಡ್ಯಾಂಪರೂ ಒಂದಕ್ಕೊಂದು ಹೊಂದೋ ಹಾಗೆ ಮಾಡಿದ ಜೋಡಿಯನ್ನೇ ಕೊಳ್ಳಿ, ಅರ್ಧ ಖರ್ಚು ಮಾಡ್ಬೇಡಿ. ಜೊತೆಗೆ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಾಯಿಸೋ ಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆಧರಿಸಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ ಅನ್ನೋದೂ ನೆನಪಿರಲಿ.

ನಮ್ಮ ಹುಡುಗ ಕೊನೆಗೆ ಒಪ್ಪಿದ್ದು ನನ್ನ ಭಾಷಣಕ್ಕಲ್ಲ. ಅಕ್ಕನಿಗೆ ಸೊಂಟದ ಡಿಸ್ಕ್ ತೊಂದರೆ ಇದೆ, ವಾರಕ್ಕೊಮ್ಮೆ ಅವನ ಹಿಂದೆ ಕೂತು ಡಾಕ್ಟರ ಹತ್ರ ಹೋಗಬೇಕು. "ಅಮ್ಮನ್ನ ಕೂರಿಸ್ಕೊಂಡು ಅಳತೆ ತೆಗಿ, ಆಮೇಲೆ ಯಾವ ಶಾಕ್ ಬೇಕೋ ಹೇಳು" ಅಂದಿದ್ದೆ. ಈಗ ಬುಷ್ ಬದಲಾಗಿದೆ, ಫೋರ್ಕಿಗೆ ಸೀಲು ಬಿದ್ದಿದೆ, ಹಿಂದಿನ ಹಳೇ ಶಾಕುಗಳು ಬಿಚ್ಚಿ ರಿಪೇರಿಯಾಗಿ ವಾಪಸ್ ಕೂತಿವೆ. ಉಳಿದ ದುಡ್ಡಲ್ಲಿ ಎರಡು ಹೊಸ ಟೈರು. ಫೋಟೋದಲ್ಲಿ ಏನೂ ಬದಲಾವಣೆ ಕಾಣಲ್ಲ ಅಂತ ಅವನಿಗೆ ಇನ್ನೂ ಬೇಜಾರಿದೆ. ಅಕ್ಕ ಮಾತ್ರ ಈಗ ಆಟೋ ಕರೆಯೋದು ಬಿಟ್ಟಿದ್ದಾಳೆ.

ನನಗನ್ನಿಸೋದು ಇಷ್ಟೇ: ಮೂವತ್ತು ವರ್ಷದ ಗಾಡಿಗೆ ಅದು ಹೊಸತಿದ್ದಾಗಿನ ಸ್ಥಿತಿಗಿಂತ ದೊಡ್ಡ ಅಪ್‌ಗ್ರೇಡ್ ಇಲ್ಲ. ಅಲ್ಲಿಗೆ ತಲುಪಿದ ಮೇಲೂ ಏನೋ ಸಾಲದು ಅನ್ನಿಸಿದ್ರೆ ಆಗ ಕ್ಯಾಟಲಾಗು ತೆಗೆಯಿರಿ. ಕೆಂಪು ಸ್ಪ್ರಿಂಗಿನ ಅಭಿಮಾನಿಗಳು ಜಗಳಕ್ಕೆ ಬರೋದಾದ್ರೆ ಸ್ವಾಗತ, ಆದರೆ ಟೇಪು ತನ್ನಿ!