ಕಾನೂನು ಓದಿನ ಸಿದ್ಧತೆ ಮನೆಯಿಂದಲೇ

ಸಿಂದಗಿ ತಾಲೂಕಿನ ಕನ್ನೊಳ್ಳಿಯಂಥ ಊರುಗಳಲ್ಲಿ ಹೊಲದ ಪಾಲಿಗೋ ಖಬರಸ್ತಾನದ ಗಡಿಗೋ ತಕರಾರು ಬಂದಾಗ ನಾವು ವಕೀಲರನ್ನು ಹುಡುಕುತ್ತೇವೆ. ಆದರೆ ಮನೆಯ ಮಗಳೇ ವಕೀಲಳಾಗುತ್ತೇನೆಂದರೆ ಮೌನ ತಾಳುತ್ತೇವೆ. ಇದು ವಿಷಾದನೀಯ.

ಪಿಯುಸಿಯಲ್ಲಿ ಯಾವ ವಿಭಾಗ ಓದಿದ್ದರೂ ಐದು ವರ್ಷದ ಕಾನೂನು ಪದವಿಗೆ ಸೇರಬಹುದು. ಸಾಮಾನ್ಯ ವರ್ಗಕ್ಕೆ ಶೇ. 45 ಅಂಕ ಸಾಕು. ಬಹುತೇಕ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗಾದರೆ 'ಕ್ಲ್ಯಾಟ್' ಬರೆಯಬೇಕು: ಎರಡು ತಾಸು, 120 ಪ್ರಶ್ನೆ, ಎಲ್ಲವೂ ಇಂಗ್ಲಿಷಿನಲ್ಲಿ. ಅಲ್ಲಿ ಕಾನೂನಿನ ಪೂರ್ವಜ್ಞಾನಕ್ಕಿಂತ ಓದಿ ಗ್ರಹಿಸುವ ಶಕ್ತಿಯೇ ಮುಖ್ಯ. ಅದು ಕೊನೆಯ ತಿಂಗಳ ತರಬೇತಿಯಿಂದ ಲಭಿಸದು. ಮನೆಮಂದಿಯೆಲ್ಲ ದಿನವೂ ಪತ್ರಿಕೆ ಓದಿ, ಸಂವಿಧಾನದ ಒಂದೊಂದು ವಿಧಿಯನ್ನು ಚರ್ಚಿಸಿದರೆ ಮಾತ್ರ ಲಭಿಸುತ್ತದೆ.

ವಿಜಯಪುರದಲ್ಲೇ ಅಂಜುಮನ್ ಕಾನೂನು ಕಾಲೇಜಿದೆ. 2008ರಿಂದ ಕಲಬುರಗಿಯಲ್ಲಿ ಹೈಕೋರ್ಟ್ ಪೀಠವಿದೆ. ನ್ಯಾಯಾಲಯ ನಮ್ಮ ಹತ್ತಿರ ಬಂದಿದೆ. ನಾವೇ ಇನ್ನೂ ದೂರ ನಿಂತಿದ್ದೇವೆ.