ಈಜು: ಶಾಲೆಯೇ ಕಲಿಸಬೇಕಾದ ವಿದ್ಯೆ

ನಮ್ಮ ಹಿಂದಿನ ತಲೆಮಾರಿನವರಿಗೆ ಈಜನ್ನು ಯಾವ ಶಾಲೆಯೂ ಕಲಿಸಲಿಲ್ಲ. ತೋಟದ ಬಾವಿಯೇ ಅವರ ಪಾಠಶಾಲೆ. ಬೆನ್ನಿಗೆ ಕಟ್ಟಿದ ಒಣ ಸೋರೆಬುರುಡೆಯೇ ಆಸರೆ. ದಂಡೆಯ ಮೇಲೆ ನಿಂತ ಅಣ್ಣನೋ ಸೋದರಮಾವನೋ ಗುರು. ಕೊಳವೆ ಬಾವಿಗಳು ಬಂದ ಮೇಲೆ ಅಂತರ್ಜಲವು ಪಾತಾಳಕ್ಕಿಳಿದು, ತೆರೆದ ಬಾವಿಗಳು ಬತ್ತಿ ಹಾಳುಬಿದ್ದವು. ಅವುಗಳೊಡನೆ ಆ ವಿದ್ಯೆಯೂ ಲೋಪವಾಯಿತು.

ನೀರಿನ ಅಪಾಯ ಮಾತ್ರ ಲೋಪವಾಗಲಿಲ್ಲ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಬಯಲುಸೀಮೆಯ ಹೊಲಗಳಲ್ಲಿ ಕೃಷಿಹೊಂಡಗಳು ಆದವು. ಮಳೆಯನ್ನೇ ನಂಬಿದ ರೈತನಿಗೆ ಅವು ವರದಾನವೆಂಬುದು ನಿರ್ವಿವಾದ. ಆದರೆ ಇಳಿಜಾರಾದ ಬದಿಗೆ ಹಾಸಿದ ಪ್ಲಾಸ್ಟಿಕ್ ಹಾಳೆಯು ನೆನೆದು ಪಾಚಿಗಟ್ಟಿದಾಗ, ಬಿದ್ದವರು ದೊಡ್ಡವರಾದರೂ ಕಾಲೂರಿ ಮೇಲೇರಲಾರರು. ಹಳೆಯ ಬಾವಿಗಿದ್ದ ಮೆಟ್ಟಿಲುಗಳು ಅಲ್ಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನರು ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ 5 ವರ್ಷದೊಳಗಿನ ಶಿಶುಗಳು. ಆ ಎಳೆಯರಿಗೆ ಬೇಕಾದುದು ಬೇಲಿ ಮತ್ತು ಹಿರಿಯರ ಕಣ್ಗಾವಲು. ಶಾಲೆಯ ವಯಸ್ಸಿನ ಮಕ್ಕಳಿಗೆ ಈಜು, ಜಲಸುರಕ್ಷತೆ ಮತ್ತು ರಕ್ಷಣಾ ವಿಧಾನಗಳನ್ನು ಕಲಿಸಬೇಕೆಂದು ಅದೇ ಸಂಸ್ಥೆ ಶಿಫಾರಸು ಮಾಡಿದೆ.

ಹೆಂಚು ಹಾಸಿದ ಈಜುಕೊಳಕ್ಕೆ ಹಣವೆಲ್ಲಿ ಎಂದು ಆಡಳಿತದವರು ಕೇಳಬಹುದು. ನೆರೆಯ ಬಾಂಗ್ಲಾದೇಶವು ಈ ಪ್ರಶ್ನೆಗೆ ಉತ್ತರ ಕೊಟ್ಟಿದೆ. ಅಲ್ಲಿ ಹಳ್ಳಿಯ ಕೊಳದೊಳಗೇ ಬಿದಿರಿನ ಅಟ್ಟಣೆ ಕಟ್ಟಿ, ಕೈಗೆ ಎಟುಕುವ ಆಳದಲ್ಲಿ ಮಕ್ಕಳಿಗೆ ಕಲಿಸಿದರು. 25 ಮೀಟರು ಈಜುವುದು, 30 ಸೆಕೆಂಡು ಮುಳುಗದೆ ನಿಲ್ಲುವುದು: ಗುರಿ ಇಷ್ಟೇ. ಪದಕದ ಹಂಬಲವಿಲ್ಲ, ಪ್ರಾಣ ಉಳಿದರೆ ಸಾಕು. ಶುಚಿಯಾದ ಕಲ್ಯಾಣಿಯಿರುವ ವಿದ್ಯಾಸಂಸ್ಥೆಗಳಿಗೆ ಇದು ಅಸಾಧ್ಯವೇನಲ್ಲ.

ಈಜಿಗಿಂತಲೂ ಮೊದಲು ಕಲಿಸಬೇಕಾದ ಪಾಠ ಒಂದಿದೆ. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಒಟ್ಟಿಗೆ ಜಲಸಮಾಧಿಯಾದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತಿದ್ದೇವೆ. ಮುಳುಗುವವನು ಭಯದಿಂದ ಹತ್ತಿರ ಬಂದವನ ಕೊರಳನ್ನೇ ಅಪ್ಪುತ್ತಾನೆ. ಸ್ನೇಹವೂ ಧೈರ್ಯವೂ ಅಲ್ಲಿ ನಿಷ್ಫಲ. ಆದುದರಿಂದ ನೀರಿಗೆ ಹಾರದೆ, ಕೂಗಿ ಜನರನ್ನು ಕರೆದು, ದಂಡೆಯ ಮೇಲೆ ಮಲಗಿ ಕೋಲನ್ನು ಚಾಚಬೇಕು. ಇಲ್ಲವೇ ಹಗ್ಗವನ್ನೋ ಬಾಯಿ ಮುಚ್ಚಿದ ಖಾಲಿ ಡಬ್ಬಿಯನ್ನೋ ಎಸೆಯಬೇಕು. ಇದನ್ನು ಆಟದ ಬಯಲಿನಲ್ಲಿಯೇ ಅಭ್ಯಾಸ ಮಾಡಿಸಬಹುದು. ಹನಿ ನೀರೂ ಬೇಕಿಲ್ಲ.

ಬಾವಿಯ ಕಾಲದಲ್ಲಿಯೂ ಈಜು ಬಹುಮಟ್ಟಿಗೆ ಗಂಡುಮಕ್ಕಳ ಸೊತ್ತಾಗಿತ್ತು. ಕಾಲುವೆಗೆ ಬಟ್ಟೆ ಒಗೆಯಲು, ಕೆರೆಗೆ ನೀರಿಗೆಂದು ಹೋದವರಾದರೋ ಹೆಣ್ಣುಮಕ್ಕಳು! ಅವರಿಗೆ ಪ್ರತ್ಯೇಕ ವೇಳೆಯನ್ನೂ, ಕಲಿಸಲು ಶಿಕ್ಷಕಿಯರನ್ನೂ ಒದಗಿಸದೆ ಎಲ್ಲರಿಗೂ ಕಲಿಸಿದೆವೆಂದು ಹೇಳಿಕೊಳ್ಳುವುದು ಸಲ್ಲದು. ವಾರ್ಷಿಕ ಪರೀಕ್ಷೆಗೆ ಮುಂಚೆಯೇ ಈ ಶಿಕ್ಷಣ ಮುಗಿದಿರಬೇಕು. ಪ್ರಸಾದನಿಲಯದ ಮಕ್ಕಳು ಬೇಸಿಗೆಯ ರಜೆಗೆ ಊರು ಸೇರಿದೊಡನೆ, ಹಿರಿಯರ ಕಣ್ಣು ತಪ್ಪಿಸಿ ಮೊದಲು ಓಡುವುದು ನೀರಿನ ಕಡೆಗೇ.