ಬಾಸ್ಟೋಕಳ ಅಕ್ಕಿ

ಚರ್ಚಿನ ಬಾಗಿಲಲ್ಲಿ ನಿಲ್ಲಿಸಿ ಹನ್ನೊಂದು ಚಾಟಿಯೇಟು. ಆಮೇಲೆ ಒಳಗೆ ಹೋಗಿ ಉಳಿದ ತಪ್ಪಿತಸ್ಥರ ಜೊತೆ ಪ್ರಾಯಶ್ಚಿತ್ತ. 1724ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ನ್ಯಾಯಾಲಯ ಬಾಸ್ಟೋಕ್ ಎಂಬ ಹೆಂಗಸಿಗೆ ವಿಧಿಸಿದ ಶಿಕ್ಷೆ ಇದು. ಮಾಟ ಮಾಡುತ್ತಾಳೆ ಎಂಬುದು ಅವಳ ಮೇಲಿದ್ದ ದೂರು. ಬಹಳ ಗಂಭೀರವಾಗಿಯೇ ವಿಚಾರಣೆ ನಡೆಯಿತು. ಕೊನೆಗೆ ಸಾಬೀತಾದದ್ದು ಅವಳು ಅಕ್ಕಿ ಮಂತ್ರಿಸುತ್ತಿದ್ದಳು ಎಂಬುದಷ್ಟೆ. ಅದನ್ನೂ ಕೇಡು ಬಗೆಯಲೆಂದು ಮಾಡಿದ್ದಲ್ಲ, ತಿಳಿವಳಿಕೆ ಇಲ್ಲದೆ ಮಾಡಿದ್ದು ಎಂದು ನ್ಯಾಯಾಧೀಶರೇ ಹೇಳಿದರು. ಹೇಳಿ, ಹೊಡೆಸಿದರು.

ಹಳೆಯ ಮುಂಬಯಿಯ ಬಗ್ಗೆ ಬರೆದವರು ಈ ಸಂಗತಿಯನ್ನು ಮೋಜಿನ ಪ್ರಸಂಗದಂತೆ ನಾಲ್ಕು ಸಾಲಿನಲ್ಲಿ ಹೇಳಿ ಮುಂದಕ್ಕೆ ಹೋಗಿದ್ದಾರೆ. ಹೀಗಾಗಿ ನಮ್ಮ ಊರಿನ ಬಾಸ್ಟೋಕ್ ನಮಗೆ ಗೊತ್ತಿಲ್ಲ. ಅಮೆರಿಕದ ಸೇಲಂ ಗೊತ್ತು. ಬಾಂದ್ರಾ ಪೂರ್ವದ ಸರಕಾರಿ ಕಾಲನಿಯಲ್ಲಿ ಬೆಳೆದ ನನ್ನ ಅಕ್ಕನ ಮಗಳಿಗೆ ಈಗ ಹದಿನಾರು. ಮನೆಯಲ್ಲಿ ಕನ್ನಡ, ಮೆಟ್ಟಿಲಲ್ಲಿ ಮರಾಠಿ, ಓದುವುದೆಲ್ಲ ಇಂಗ್ಲಿಷು. 1692ರಲ್ಲಿ ಸೇಲಂನಲ್ಲಿ ಮಾಟದ ಆರೋಪದ ಮೇಲೆ ಹತ್ತೊಂಬತ್ತು ಮಂದಿಯನ್ನು ಗಲ್ಲಿಗೇರಿಸಿದರು, ಒಬ್ಬ ಮುದುಕನ ಎದೆಯ ಮೇಲೆ ಕಲ್ಲು ಹೇರಿ ಕೊಂದರು ಎಂಬುದನ್ನೆಲ್ಲ ಅವಳು ನಿದ್ದೆಯಲ್ಲೂ ಹೇಳಬಲ್ಲಳು. ಹರೆಯದವರಿಗಾಗಿ ಬರೆದ ಇಂಥ ಐತಿಹಾಸಿಕ ಕಾದಂಬರಿಗಳು ಅವಳ ಕಪಾಟಿನಲ್ಲಿ ಸಾಲಾಗಿ ನಿಂತಿವೆ. ಅವಳ ದೆಸೆಯಿಂದ ನಾನೂ ಕೆಲವನ್ನು ಓದಿದೆ.

ಎಲಿಜಬೆತ್ ಜಾರ್ಜ್ ಸ್ಪೀರ್ 1958ರಲ್ಲಿ ಬರೆದ 'ದಿ ವಿಚ್ ಆಫ್ ಬ್ಲ್ಯಾಕ್‌ಬರ್ಡ್ ಪಾಂಡ್' ಈ ಜಾತಿಯ ಕಾದಂಬರಿಗಳಿಗೆಲ್ಲ ಹಿರಿಯಕ್ಕ. ಬಾರ್ಬಡೋಸಿನಿಂದ ಬಂದ ಕಿಟ್ ಎಂಬ ಹುಡುಗಿ ಒಂಟಿ ಮುದುಕಿಯೊಬ್ಬಳ ಸ್ನೇಹ ಮಾಡುತ್ತಾಳೆ, ಅಕ್ಷರ ಬಾರದ ಮಗುವಿಗೆ ಕದ್ದುಮುಚ್ಚಿ ಓದು ಕಲಿಸುತ್ತಾಳೆ. ಊರು ಅವಳನ್ನು ಮಾಟಗಾತಿ ಎನ್ನುತ್ತದೆ. ವಿಚಾರಣೆಯ ದಿನ ಆ ಮಗು ಎಲ್ಲರೆದುರು ಓದಿ ತೋರಿಸಿದಾಗ ಆರೋಪ ಬಿದ್ದುಹೋಗುತ್ತದೆ. ಚೆಂದದ ಕಥೆ, ನನಗೂ ಹಿಡಿಸಿತು. ಆದರೆ ಓದುಗರಿಗೆ ಇಲ್ಲಿ ಕಷ್ಟವೇ ಇಲ್ಲ. ಕಿಟ್ ಮಾಟಗಾತಿ ಅಲ್ಲವೇ ಅಲ್ಲ, ನಮ್ಮ ಹಾಗೆಯೇ ಯೋಚಿಸುವ ಹುಡುಗಿ. ತಪ್ಪಿ ಹಳೆಯ ಕಾಲದಲ್ಲಿ ಹುಟ್ಟಿದ್ದಾಳೆ. ಅವಳ ಪರ ವಹಿಸಲು ನಾವು ಏನನ್ನೂ ಬಿಟ್ಟುಕೊಡಬೇಕಿಲ್ಲ. ಸೀಲಿಯಾ ರೀಸ್ ಅವರ 'ವಿಚ್ ಚೈಲ್ಡ್' ಸ್ವಲ್ಪ ಧೈರ್ಯ ಮಾಡುತ್ತದೆ. ಅದರ ಮೇರಿಗೆ ನಿಜಕ್ಕೂ ಏನೋ ಒಂದು ಶಕ್ತಿ ಇದೆ. ಆದರೂ ಆ ಶಕ್ತಿ ಕಥೆಯ ಸೊಗಸಿಗೆ ಒದಗುವಂಥದು, ಓದುವವರಿಗೆ ಇರಿಸುಮುರಿಸು ತರುವಂಥದಲ್ಲ.

ಬಾಸ್ಟೋಕ್ ಹಾಗಲ್ಲ. ಅವಳ ಮೇಲಿನ ದೂರಿನಲ್ಲಿ ಅಕ್ಕಿಯ ಭಾಗ ನಿಜ. ಅವಳು ಅಕ್ಕಿ ಮಂತ್ರಿಸಿದ್ದಳು, ಅದರಿಂದ ಏನೋ ಆಗುತ್ತದೆಂದು ನಂಬಿಯೂ ಇದ್ದಳು. ಅವಳ ಪರವಾಗಿ ನಿಲ್ಲಬೇಕಾದರೆ ನಮಗೆ ನಂಬಿಕೆಯಿಲ್ಲದ್ದನ್ನು ನಂಬಿದವಳ ಪರವಾಗಿ ನಿಲ್ಲಬೇಕು. ನಿರಪರಾಧಿ ಎಂದು ತೋರಿಸಿ ಬಿಡಿಸಿಕೊಂಡು ಬರುವ ದಾರಿ ಅಲ್ಲಿಲ್ಲ. ಮುಂಬಯಿಯ ಮಕ್ಕಳಿಗೆ ಬೇಕಾದ ಕಾದಂಬರಿ ಇದು, ಇನ್ನೂ ಯಾರೂ ಬರೆದಂತಿಲ್ಲ ಎಂಬುದು ನನ್ನ ತಕರಾರು.

ಬರೆಯುವವರಿಗೆ ಸಾಮಗ್ರಿಯ ಬರವಿಲ್ಲ. ಅವಳನ್ನು ವಿಚಾರಿಸಿದ ಕೋರ್ಟು ಗವರ್ನರ್ ಚಾರ್ಲ್ಸ್ ಬೂನ್ ಕಾಲದಲ್ಲಿ, 1718ರಲ್ಲಿ, ಹೊಸದಾಗಿ ಕಣ್ಣುಬಿಟ್ಟದ್ದು. ಎರಡೇ ವರ್ಷದಲ್ಲಿ, 1720ರಲ್ಲಿ, ಅದು ಮುಂಬಯಿಯ ದೊಡ್ಡ ಕುಳ ರಾಮಾ ಕಾಮತಿಯನ್ನು ಕಟಕಟೆಗೆ ತಂದಿತು. ವಾಲಕೇಶ್ವರದ ದೇವಸ್ಥಾನ ಕಟ್ಟಿಸಿದ ಶೆಣವಿ ಅವನು, ಕಂಪನಿಗೆ ವರ್ಷಗಟ್ಟಲೆ ದುಡಿದವನು. ಕಂಪನಿಯ ವೈರಿಯಾಗಿದ್ದ ಮರಾಠಾ ನೌಕಾಧಿಪತಿ ಕಾನ್ಹೋಜಿ ಆಂಗ್ರೆ ಜೊತೆ ಒಳಸಂಚು ಮಾಡಿದ್ದಾನೆ ಎಂದು ದೂರು. ಅವನ ಗುಮಾಸ್ತನ ಹೆಬ್ಬೆರಳುಗಳಿಗೆ ಕಬ್ಬಿಣದ ತಿರುಪು ಬಿಗಿದು ಬಾಯಿ ಬಿಡಿಸಿದರು. ಸಾಕ್ಷಿಯಾಗಿ ತಂದ ಪತ್ರ ಖೋಟಾ ಎಂದು ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿತ್ತು; ಕಾಮತಿ 1728ರಲ್ಲಿ ಸೆರೆಯಲ್ಲೇ ಸತ್ತ. ಅಷ್ಟು ದುಡ್ಡು, ಅಷ್ಟು ಹೆಸರು ಇದ್ದವನಿಗೇ ಈ ಗತಿಯಾದ ಕೋರ್ಟಿನಲ್ಲಿ ಬಾಸ್ಟೋಕ್ ಹನ್ನೊಂದು ಏಟಿಗೆ ಪಾರಾದಳಲ್ಲ ಎಂದೂ ಅನಿಸುತ್ತದೆ. ನ್ಯಾಯಾಧೀಶರನ್ನು ಪೂರ್ತಿ ರಾಕ್ಷಸರನ್ನಾಗಿ ಚಿತ್ರಿಸಬೇಡಿ ಎಂದು ಕಾದಂಬರಿಕಾರರಿಗೆ ಹೇಳಬೇಕೆನಿಸುವುದೂ ಅದಕ್ಕೇ. ಅವರ ಸ್ವಂತ ದೇಶದಲ್ಲಿ ಆಗ ಮಾಟಕ್ಕೆ ಮರಣದಂಡನೆಯ ಕಾನೂನು ಇನ್ನೂ ಜೀವಂತವಾಗಿತ್ತು. 1712ರಲ್ಲಿ ಜೇನ್ ವೆನ್‌ಹ್ಯಾಮ್ ಎಂಬ ಹೆಂಗಸನ್ನು ಜ್ಯೂರಿ ತಪ್ಪಿತಸ್ಥೆ ಎಂದಿತ್ತು. ಅವಳು ಹಾರುತ್ತಾಳೆ ಎಂದು ಯಾರೋ ಸಾಕ್ಷಿ ಹೇಳಿದಾಗ ನ್ಯಾಯಾಧೀಶ ಪೊವೆಲ್, ಹಾರಬಾರದು ಎಂಬ ಕಾನೂನೇನೂ ಇಲ್ಲವಲ್ಲ ಎಂದರಂತೆ. ಅವಳಿಗೆ ಕ್ಷಮಾದಾನ ಸಿಕ್ಕಿತು. ಕಾನೂನು ರದ್ದಾದದ್ದು ಮಾತ್ರ 1736ರಲ್ಲಿ.

ಇನ್ನು ನನ್ನ ಅಕ್ಕನ ಮಗಳು ಬೆಳೆದ ಬಾಂದ್ರಾ. ಬಾಸ್ಟೋಕಳ ಕಾಲದಲ್ಲಿ ಇದು ಬೇರೆ ದೊರೆಯ ಸೀಮೆ. ಮಾಹಿಮ್ ಖಾಡಿಯ ಈಚೆ ಕಂಪನಿ, ಆಚೆ ಪೋರ್ಚುಗೀಸರು. 1739ರಲ್ಲಿ ವಸಾಯಿ ಮರಾಠರ ಪಾಲಾಗುವವರೆಗೂ ಹೀಗೇ ಇತ್ತು. ಆವಾಬಾಯಿ ಜಮಶೇಟ್‌ಜಿ ದುಡ್ಡು ಕೊಟ್ಟು ಕಟ್ಟಿಸಿದ ಮಾಹಿಮ್ ಕಾಸ್‌ವೇ 1845ರಲ್ಲಿ ತೆರೆಯುವ ತನಕ ಮಾಹಿಮ್‌ನಿಂದ ಬಾಂದ್ರಾಕ್ಕೆ ದೋಣಿಯೇ ಗತಿ. ಆ ದೋಣಿಯಲ್ಲಿ ಖಾಡಿ ದಾಟಿದರೆ ಕಾನೂನು ಬದಲಾಗುತ್ತಿತ್ತು, ಭಯವೂ ಬದಲಾಗುತ್ತಿತ್ತು. ಗೋವೆಯಲ್ಲಿ 1560ರಿಂದ ಕೂತಿದ್ದ ಇನ್‌ಕ್ವಿಸಿಷನ್ನಿನ ಕೈ ವಸಾಯಿ, ಬಾಂದ್ರಾ ಸೇರಿದ ಸಾಷ್ಟಿಯವರೆಗೂ ಚಾಚಿತ್ತು. ಮತಾಂತರವಾದವರ ಮನೆಯಲ್ಲಿ ಹಳೆಯ ಪದ್ಧತಿ ಏನಾದರೂ ಉಳಿದಿದೆಯೇ ಎಂದು ಮೂಸಿ ನೋಡುವುದೇ ಅದರ ಕೆಲಸ. 1736ರಲ್ಲಿ ಅದು ಗೋವೆಯಲ್ಲಿ ಹೊರಡಿಸಿದ ಆಜ್ಞಾಪತ್ರ ಓದಬೇಕು: ಮದುವೆಗೆ ವೀಳ್ಯ ಕಳಿಸಬಾರದು, ಅರಿಸಿನ ಹಚ್ಚಬಾರದು, ಅಂಗಳದಲ್ಲಿ ತುಳಸಿ ಇರಬಾರದು. ಈ ಕಾಟಕ್ಕೂ ಹೆದರಿ ಗೋವೆ ಬಿಟ್ಟ ಕೊಂಕಣಿ ಕ್ರೈಸ್ತರ ಮೊಮ್ಮಕ್ಕಳು ಮಂಗಳೂರಿನವರಾದರು, ಅವರ ಮರಿಮಕ್ಕಳಲ್ಲಿ ಎಷ್ಟೋ ಜನ ಮತ್ತೆ ಬಾಂದ್ರಾಕ್ಕೆ ಬಂದು ನೆಲೆಸಿದರು. ಮೌಂಟ್ ಮೇರಿ ಜಾತ್ರೆಯಲ್ಲಿ ಈಗ ಅವರನ್ನು ನೋಡಬಹುದು. ಸೆಪ್ಟೆಂಬರಿನಲ್ಲಿ ಗುಡ್ಡದ ಮೆಟ್ಟಿಲ ಪಕ್ಕ ಮೇಣದ ಅಂಗಡಿಗಳು ಸಾಲುಗಟ್ಟುತ್ತವೆ. ಕೈ ನೋವಿಗೆ ಮೇಣದ ಕೈ, ಕಾಲಿಗೆ ಕಾಲು, ಮಗು ಬೇಕಿದ್ದವರಿಗೆ ಮೇಣದ ಮಗು, ಮನೆ ಬೇಕಿದ್ದವರಿಗೆ ಅಂಗೈಯಗಲದ ಮನೆ. ಹಿಂದೂ, ಮುಸ್ಲಿಂ, ಪಾರ್ಸಿ ಎಲ್ಲರೂ ಕೊಳ್ಳುತ್ತಾರೆ. ಇದನ್ನು ಯಾರೂ ಮಾಟ ಎನ್ನುವುದಿಲ್ಲ. ಎನ್ನಲೂಬಾರದು.

ನಮ್ಮವರ ಮಂತ್ರಾಕ್ಷತೆಯೂ ಅಷ್ಟೆ. ಅಕ್ಕಿಗೆ ಅರಿಸಿನ ಸವರಿ, ಮಂತ್ರ ಹೇಳಿ, ಸ್ವಾಮಿಗಳು ಕೈಗೆ ಹಾಕುತ್ತಾರೆ. ನಾವು ಕಣ್ಣಿಗೊತ್ತಿಕೊಂಡು ಪರ್ಸಿನಲ್ಲಿಟ್ಟುಕೊಂಡು ಚರ್ಚ್‌ಗೇಟ್ ಲೋಕಲ್ ಹತ್ತುತ್ತೇವೆ. ಬಾಸ್ಟೋಕಳ ಕೈಯಲ್ಲಿದ್ದದ್ದೂ ಅದೇ ಅಕ್ಕಿ. ಪೀಠವಿಲ್ಲದವಳು, ಪಾದ್ರಿಯಲ್ಲದವಳು, ಹೆಂಗಸು. ಅವಳ ಕೈ ತಾಗಿದ ಅಕ್ಕಿ ಕೋರ್ಟಿಗೆ ಹೋಯಿತು. ಅದೇ ಲೋಕಲ್ಲಿನ ಡಬ್ಬಿಯ ಗೋಡೆ ನೋಡಿ. ಬಾಬಾ ಬಂಗಾಲಿಗಳ ಚೀಟಿಗಳು ಒಂದರ ಮೇಲೊಂದು: ವಶೀಕರಣ, ಸವತಿ ಕಾಟ, ಕರಣಿ (ಮಾಟ) ಬಿಡಿಸುವುದು, ಗ್ಯಾರಂಟಿ ಕೆಲಸ, ಮೊಬೈಲ್ ನಂಬರು. ಅಂಥ ಬಾಬಾಗಳನ್ನು ಕಂಡರೆ ಮಾಟಗಾರ ಎಂದು ಯಾರೂ ಕಲ್ಲು ಹೊಡೆಯುವುದಿಲ್ಲ, ಫೀಸು ಕೊಡುತ್ತಾರೆ. ಕಲ್ಲು ಬೀಳುವುದು ಅವರು ಬೆರಳು ಮಾಡಿ ತೋರಿಸಿದ ನೆರೆಮನೆಯವಳ ಮೇಲೆ.

ಊರ ಕಡೆಯ ಮಾತು ಬೇರೇನೂ ಅಲ್ಲ. ಮಲೆನಾಡಿನಲ್ಲಿ, ಹಳೇ ಮೈಸೂರಿನಲ್ಲಿ 'ಮದ್ದು ಹಾಕೋರ ಮನೆ' ಎಂದು ಕೆಲವು ಮನೆಗಳಿಗೆ ಹೆಸರು ಬಿದ್ದುಬಿಡುತ್ತದೆ. ಅಲ್ಲಿ ನೀರು ಕುಡಿಯಬೇಡ, ಬಾಳೆಹಣ್ಣು ಕೊಟ್ಟರೆ ದಾರಿಯಲ್ಲಿ ಎಸೆದುಬಿಡು ಎಂದು ಮಕ್ಕಳಿಗೆ ಹೇಳಿಕೊಡುತ್ತಾರೆ. ಆ ಹೆಸರು ತಾಯಿಯಿಂದ ಮಗಳಿಗೆ ಬರುತ್ತದೆ, ಸಂಬಂಧಗಳು ಮುರಿಯುತ್ತವೆ. ಕೋರ್ಟಿಲ್ಲ, ಚಾಟಿಯಿಲ್ಲ, ಬರೀ ಯಾರೂ ಅವರ ಮನೆಯಲ್ಲಿ ಉಣ್ಣುವುದಿಲ್ಲ. ಕಲಬುರಗಿ, ಬೀದರ್ ಕಡೆ ಬಾನಾಮತಿ. ಹೆಂಗಸರು ನಾಯಿಯಂತೆ ಬೊಗಳುತ್ತಾರೆ, ಮೈಮೇಲೆ ಗಾಯಗಳೇಳುತ್ತವೆ, ಯಾರೋ ಮಾಡಿಸಿದ್ದಾರೆ ಎಂದು ಹುಡುಕಾಟ ಶುರುವಾಗುತ್ತದೆ. ನಿಮ್ಹಾನ್ಸಿನ ಸಿ.ಆರ್. ಚಂದ್ರಶೇಖರ್ ಅವರಂಥ ಮನೋವೈದ್ಯರು ಅದರ ಹಿಂದಿನ ಮನಸ್ಸಿನ ಬೇನೆಯನ್ನು ನಮ್ಮ ಭಾಷೆಯಲ್ಲೇ ಬಿಡಿಸಿ ಹೇಳಿದರು. ಗಡಿಯಾಚೆ ತೆಲಂಗಾಣದ ಹಳ್ಳಿಗಳಲ್ಲಿ ಆರೋಪ ಹೊತ್ತವರ ಹಲ್ಲು ಕಿತ್ತದ್ದುಂಟು. ಹಲ್ಲಿಲ್ಲದ ಬಾಯಿಂದ ಮಂತ್ರ ಸರಿಯಾಗಿ ಹೊರಡುವುದಿಲ್ಲ ಎಂಬ ಲೆಕ್ಕಾಚಾರ.

ಕಾನೂನಿಗೆ ಬರೋಣ. ಮಾಟ, ಮೂಢನಂಬಿಕೆಗಳ ವಿರುದ್ಧ ಕಾನೂನು ಬೇಕೆಂದು ವಿಚಾರವಾದಿ ನರೇಂದ್ರ ದಾಭೋಲ್ಕರ್ ವರ್ಷಾನುಗಟ್ಟಲೆ ಮುಂಬಯಿಯ ವಿಧಾನಭವನಕ್ಕೆ ಎಡತಾಕಿದರು. ಮಸೂದೆ ಕಪಾಟಿನಲ್ಲೇ ಇತ್ತು. 2013ರ ಆಗಸ್ಟ್ 20ರ ಬೆಳಿಗ್ಗೆ ಪುಣೆಯಲ್ಲಿ ವಾಕಿಂಗ್ ಹೋದವರನ್ನು ಗುಂಡಿಕ್ಕಿ ಕೊಂದರು. ಕೆಲವೇ ದಿನಗಳಲ್ಲಿ ಸುಗ್ರೀವಾಜ್ಞೆ, ಡಿಸೆಂಬರಿನಲ್ಲಿ ಕಾಯ್ದೆ. ಕರ್ನಾಟಕದ ಕಾಯ್ದೆ 2017ರದು, ಜಾರಿಯಾದದ್ದು 2020ರ ಜನವರಿಯಲ್ಲಿ. ನಡುವಿನ ದಾರಿಯಲ್ಲಿ, 2015ರಲ್ಲಿ, ಧಾರವಾಡದ ಮನೆ ಬಾಗಿಲಲ್ಲಿ ಸಂಶೋಧಕ ಕಲಬುರ್ಗಿಯವರ ಹತ್ಯೆ. ಮಹಾರಾಷ್ಟ್ರದ ಕಾಯ್ದೆಯ ಪಟ್ಟಿಯಲ್ಲಿ ಒಂದು ಅಂಶ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಇಂಥವರು ಕರಣಿ ಮಾಡುತ್ತಾರೆ, ಇಂಥವರಿಂದ ದನದ ಹಾಲು ಬತ್ತಿತು, ರೋಗ ಹಬ್ಬಿತು ಎಂದು ಹೇಳಿ ಒಬ್ಬರ ಬದುಕನ್ನು ದುಸ್ತರ ಮಾಡುವುದು ಅಪರಾಧ. ಆರು ತಿಂಗಳಿಂದ ಏಳು ವರ್ಷದವರೆಗೆ ಸೆರೆ. ಅಂದರೆ ಕಟಕಟೆ ಹತ್ತಬೇಕಾದವರು ಈಗ ದೂರುವವರು. ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗಗೊಡದೆ ಮಂತ್ರ ಹಾಕುವುದೂ ಅಪರಾಧ. ಬರೀ ಹಿಡಿ ಅಕ್ಕಿ ಕೊಟ್ಟು, ದುಡ್ಡು ಕೀಳದೆ, ಯಾರ ಔಷಧವನ್ನೂ ತಡೆಯದೆ ಇದ್ದವಳನ್ನು ಈ ಕಾಯ್ದೆ ಮುಟ್ಟುವುದಿಲ್ಲ. ಅವಳೇನು ನಂಬುತ್ತಾಳೆ ಎಂಬ ಪ್ರಶ್ನೆಯನ್ನು ಕೈಬಿಟ್ಟು, ಅದರಿಂದ ಯಾರಿಗೆ ಏನಾಯಿತು ಎಂದು ಕೇಳುವಷ್ಟು ಮುಂದೆ ಬರಲು ಈ ನಗರಕ್ಕೆ 289 ವರ್ಷ ಹಿಡಿಯಿತು. ವಿಚಾರವಾದಿ ಗೆಳೆಯರಲ್ಲಿ ಕೆಲವರಿಗೆ ಇದು ಸಾಲದು, ಅಕ್ಕಿಯೂ ನಿಷೇಧವಾಗಬೇಕು. ನಾನು ಒಪ್ಪುವುದಿಲ್ಲ. ಕೆಟ್ಟ ಉದ್ದೇಶವಿಲ್ಲ, ಅಜ್ಞಾನ ಅಷ್ಟೆ, ಆದರೂ ಶಿಕ್ಷೆ ಇರಲಿ ಎಂಬ ತೀರ್ಪು ಒಮ್ಮೆ ಆಗಿಹೋಗಿದೆ.

ಬಾಸ್ಟೋಕಳ ಕಥೆಯನ್ನು ಹೇಳಿದಾಗ ಅಕ್ಕನ ಮಗಳು ಕೇಳಿದ್ದು ಒಂದೇ ಪ್ರಶ್ನೆ. "ಮಾವ, ಆ ಅಕ್ಕಿ ತಿಂದವರಿಗೆ ಗುಣ ಆಗ್ತಿತ್ತಾ?" ಯಾವ ಇತಿಹಾಸಕಾರರೂ ಕೇಳದ ಪ್ರಶ್ನೆ. ಕಾದಂಬರಿ ಇಲ್ಲಿಂದಲೇ ಏಳಬೇಕು. ನಾನು ಓದಿದ ವೃತ್ತಾಂತಗಳಲ್ಲಿ ದೂರು ಕೊಟ್ಟವರ ಹೆಸರಿಲ್ಲ, ಬಾಸ್ಟೋಕಳದು ಮಾತ್ರ ಇದೆ. ಆದರೆ ಅಕ್ಕಿಯ ವಿಷಯ ಕೋರ್ಟಿಗೆ ತಲುಪಬೇಕಾದರೆ ಯಾರೋ ಅದನ್ನು ಇಸಿದುಕೊಂಡಿರಲೇಬೇಕು. ಜ್ವರ ಬಿಡದ ಮಗುವಿನ ತಾಯಿ ಇರಬಹುದು, ದೋಣಿಯವನಿರಬಹುದು. ಕಷ್ಟಕಾಲದಲ್ಲಿ ಅವಳ ಬಾಗಿಲು ತಟ್ಟಿದವರೇ ಆಮೇಲೆ ಅವಳ ಮೇಲೆ ಸಾಕ್ಷಿ ಹೇಳಿದರೆಂದು ಕಲ್ಪಿಸಿಕೊಂಡರೆ ಕಥೆಗೆ ಬೇಕಾದದ್ದು ಸಿಕ್ಕಂತೆ. ನಾನಾದರೆ ಬಾಸ್ಟೋಕಳ ಬಾಯಲ್ಲಿ ಇದನ್ನು ಹೇಳಿಸುವುದಿಲ್ಲ. ದೂರು ಕೊಟ್ಟ ಆ ಮನೆಯಲ್ಲೊಬ್ಬ ಹದಿನಾಲ್ಕರ ಹುಡುಗಿಯನ್ನು ಇಡುತ್ತೇನೆ. ಅಕ್ಕಿ ತರಲು ಸೆರಗೊಡ್ಡಿ ನಿಂತಿದ್ದವಳು ಅವಳೇ, ಕೋರ್ಟಿನಲ್ಲಿ ಏನು ಹೇಳಬೇಕೆಂದು ಮನೆಯವರು ಬಾಯಿಪಾಠ ಮಾಡಿಸುವುದೂ ಅವಳಿಗೇ.